ಎಂಜಿನ್ನಿಗೆ ಕಿವಿಗೊಟ್ಟು

ಮೈಸೂರಿನ ಯಾದವಗಿರಿಗೆ ಹೊರಗಿನಿಂದ ಬಂದವರು ಆರ್.ಕೆ. ನಾರಾಯಣರ ಮನೆ ನೋಡುತ್ತಾರೆ, ರಾಮಕೃಷ್ಣಾಶ್ರಮಕ್ಕೆ ಹೋಗಿ ಕೈಮುಗಿಯುತ್ತಾರೆ, ಆಕಾಶವಾಣಿ ಯಾವ ಕಡೆ ಎಂದು ವಿಚಾರಿಸುತ್ತಾರೆ. ಐಡಿಯಲ್ ಜಾವಾ ಬೈಕ್ ಕಾರ್ಖಾನೆ ಎಲ್ಲಿತ್ತು ಎಂದು ಕೇಳುವವರದು ಬೇರೆಯೇ ಪಂಗಡ. ಅವರು ಬಾಯಿಬಿಟ್ಟು ಕೇಳುವ ಮೊದಲೇ ಅವರ ಗಾಡಿ ಕೇಳಿರುತ್ತದೆ. ಗಾಡಿ ಇನ್ನೂ ಬೀದಿಯ ತಿರುವಿನಾಚೆ ಇರುವಾಗಲೇ ಆ ದನಿ ಮರಗಳ ಕೆಳಗಿಂದ ಬರುತ್ತದೆ, ಹಿಂದೆಯೇ ತೆಳ್ಳನೆ ನೀಲಿ ಹೊಗೆ, ಅದರ ಹಿಂದೆ ಸುಟ್ಟ ಎಣ್ಣೆಯ ವಾಸನೆ.

ಇರಾನಿ ಕುಟುಂಬದವರು ಇಲ್ಲಿ ಕಟ್ಟಿದ ಆ ಕಾರ್ಖಾನೆಯನ್ನು ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್. ಅದು 1961ರ ಮಾತು. ಚೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಪರವಾನಗಿಯಲ್ಲಿ 250 ಸಿಸಿ ಮೋಟಾರ್‌ಸೈಕಲ್ ಇಲ್ಲಿ ತಯಾರಾಯಿತು. ಎಪ್ಪತ್ತರ ದಶಕದಲ್ಲಿ ಟ್ಯಾಂಕಿನ ಮೇಲಿನ ಹೆಸರು ಯಜ್ಡಿ ಎಂದಾಯಿತು, 1978ರಲ್ಲಿ ರೋಡ್‌ಕಿಂಗ್ ಬಂತು, 1996ರಲ್ಲಿ ಬಾಗಿಲು ಮುಚ್ಚಿತು. ಚರಿತ್ರೆ ಇಷ್ಟು ಸಾಕು. ನನಗೆ ಆಸಕ್ತಿ ಇರುವುದು ಆ ದನಿಯಲ್ಲಿ. ಆಟದ ವಿಮಾನ ಹಾರಿಸುವ ಹವ್ಯಾಸಿಗೂ ಹಳೆಯ ಸ್ಪೋರ್ಟ್ಸ್ ಕಾರು ಓಡಿಸುವವನಿಗೂ ಈ ಜಾವಾ ಭಕ್ತನಿಗೂ ಹುಚ್ಚು ಒಂದೇ ಎಂದು ನನ್ನ ನಂಬಿಕೆ. ಹೊರಗಿನವರು ಅದನ್ನು ವೇಗದ ಹುಚ್ಚು ಅಂದುಕೊಳ್ಳುತ್ತಾರೆ. ಅಲ್ಲ. ಅದು ಹದ ಹಿಡಿಯುವ ಹುಚ್ಚು.

ಹಳೆಯ ಜಾವಾ ಸ್ಟಾರ್ಟ್ ಮಾಡುವುದನ್ನು ಹತ್ತಿರದಿಂದ ನೋಡಬೇಕು. ಪೆಟ್ರೋಲ್ ಕಾಕ್ ತಿರುಗಿಸಿ, ಕಾರ್ಬೊರೇಟರಿನ ಟಿಕ್ಲರನ್ನು ಬೆರಳಿನಿಂದ ಒತ್ತಿ ಹಿಡಿಯುತ್ತಾರೆ. ಬೆರಳಿಗೆ ತಣ್ಣಗೆ ಪೆಟ್ರೋಲ್ ತಾಕಿದರೆ ಸಾಕು, ಹೆಚ್ಚಾದರೆ ಪ್ಲಗ್ ಒದ್ದೆ. ಇದಕ್ಕೆ ಬೇರೆ ಕಿಕ್ಕರ್ ಇಲ್ಲ. ಗೇರಿನ ಲಿವರನ್ನೇ ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರ್. ಒದ್ದು, ಎಂಜಿನ್ ಹಿಡಿದುಕೊಂಡ ಮೇಲೆ ಮತ್ತೆ ಇಳಿಸಿದರೆ ಅದೇ ಗೇರು. ಇನ್ನೊಂದು ಜಾಣತನ ಏನೆಂದರೆ, ಕಾಲು ಲಿವರನ್ನು ಅದುಮುವಾಗ ಕ್ಲಚ್ ತಾನೇ ಬಿಡುತ್ತದೆ. ಕೈಯ ಕ್ಲಚ್ ಹಿಡಿಯದೆಯೇ ಗೇರು ಬದಲಿಸಬಹುದು. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್, ಎಡಕ್ಕೊಂದು ಬಲಕ್ಕೊಂದು. ಮೆರೂನ್ ಬಣ್ಣದ ಟ್ಯಾಂಕಿನ ಪಕ್ಕೆಗೆ ಕ್ರೋಮ್, ಅದರ ಮೇಲೆ ಮೊಣಕಾಲು ಒರಗಿಸಲು ರಬ್ಬರ್ ಪ್ಯಾಡ್. ಇಷ್ಟು ದುಂಡಗಿನ, ಒಂದೂ ಮೂಲೆಯಿಲ್ಲದ ಗಾಡಿಯನ್ನು ಈಗ ಯಾರೂ ಮಾಡುವುದಿಲ್ಲ.

ಐಡ್ಲಿಂಗಿನಲ್ಲಿ ನಿಂತ ಜಾವಾದ ದನಿಗೆ ಲೆಕ್ಕವಿಲ್ಲ. ಒಮ್ಮೆ ಹೊಡೆಯುತ್ತದೆ, ಒಮ್ಮೆ ಬಿಡುತ್ತದೆ, ಮತ್ತೆರಡು ಹೊಡೆಯುತ್ತದೆ. ಒಗ್ಗರಣೆಯ ಸಾಸಿವೆ ಮೊದಲು ಅಲ್ಲೊಂದು ಇಲ್ಲೊಂದು ಸಿಡಿದು ಆಮೇಲೆ ಒಮ್ಮೆಲೇ ಚಟಪಟ ಎನ್ನುವ ಹಾಗೆ, ಆಕ್ಸಿಲರೇಟರ್ ತಿರುವಿದ ಕೂಡಲೇ ದನಿ ಕೂಡಿಕೊಳ್ಳುತ್ತದೆ. ಕಾರಣ ಸರಳ. ಟು-ಸ್ಟ್ರೋಕ್ ಎಂಜಿನ್ನಿನಲ್ಲಿ ಕವಾಟಗಳಿಲ್ಲ. ಸುಟ್ಟ ಹೊಗೆಯನ್ನು ಹೊಸ ಪೆಟ್ರೋಲ್ ಮಿಶ್ರಣವೇ ನೂಕಿ ಹೊರಹಾಕಬೇಕು. ಥ್ರಾಟಲ್ ಮುಚ್ಚಿದ್ದಾಗ ನೂಕುವ ಬಲ ಸಾಲದೆ ಹಳೆಯ ಹೊಗೆ ಒಳಗೇ ಉಳಿಯುತ್ತದೆ, ಆ ಸುತ್ತಿನಲ್ಲಿ ಕಿಡಿ ಹೊತ್ತಿದರೂ ಉರಿ ಹಿಡಿಯುವುದಿಲ್ಲ. ಮುಂದಿನ ಸುತ್ತಿನಲ್ಲಿ ಹಿಡಿಯುತ್ತದೆ. ಥ್ರಾಟಲ್ ತೆರೆದರೆ ಪ್ರತಿ ಸುತ್ತಿಗೂ ಉರಿ. ಈ ಬದಲಾವಣೆಯ ಗಳಿಗೆಯನ್ನು ಕಿವಿಯಲ್ಲಿ ಹಿಡಿಯುವವನೇ ಒಳ್ಳೆಯ ಮೆಕ್ಯಾನಿಕ್. ಮೈಸೂರಿನ ಹಳೆಯ ಮೇಸ್ತ್ರಿಗಳು ಗಾಡಿ ತಂದವನಿಗೆ, "ಸುಮ್ನಿರಿ ಸಾರ್, ನೀವ್ ಹೇಳ್ಬೇಡಿ, ಅದೇ ಹೇಳ್ತದೆ" ಎಂದು ಬಾಯಿ ಮುಚ್ಚಿಸಿ, ತಲೆ ಓರೆ ಮಾಡಿ ಕೇಳುತ್ತಾ ನಿಲ್ಲುತ್ತಾರೆ. ಆಮೇಲೆ ಸ್ಕ್ರೂಡ್ರೈವರ್ ಕಾಲು ಸುತ್ತು ತಿರುಗುತ್ತದೆ, ಅಷ್ಟೇ.

ಇದೇ ದನಿಯನ್ನು ಆಕಾಶದಲ್ಲಿ ಕೇಳಬೇಕೆಂದರೆ ಆಟದ ವಿಮಾನದವರ ಹತ್ತಿರ ಹೋಗಬೇಕು. ಆಟದ್ದು ಎಂದು ಬಾಯಿ ಮಾತಿಗೆ ಹೇಳುತ್ತೇವೆ, ಅದರಲ್ಲಿ ಆಟಕ್ಕಿಂತ ತಪಸ್ಸೇ ಜಾಸ್ತಿ. ಹಗುರವಾದ ಬಾಲ್ಸಾ ಮರದ ಪಟ್ಟಿಗಳನ್ನು ಬ್ಲೇಡಿನಿಂದ ಕತ್ತರಿಸಿ, ರೆಕ್ಕೆಯ ಪಕ್ಕೆಲುಬುಗಳನ್ನು ಅಂಟಿಸಿ, ಮೇಲೆ ತೆಳುವಾದ ಹೊದಿಕೆ ಬಿಗಿದು, ಭಾರದ ಕೇಂದ್ರ ಎಲ್ಲಿ ಬರುತ್ತದೆಂದು ಎರಡು ಬೆರಳಿನ ಮೇಲೆ ತೂಗಿ ನೋಡಬೇಕು. ಮೂಗು ಸ್ವಲ್ಪ ಭಾರವಿದ್ದರೆ ವಿಮಾನ ಸೋಮಾರಿಯಾಗುತ್ತದೆ, ಬಾಲ ಭಾರವಿದ್ದರೆ ಹುಚ್ಚಾಗುತ್ತದೆ. ಎನ್‌ಸಿಸಿ ವಾಯುದಳದ ಕೆಡೆಟ್‌ಗಳಾಗಿದ್ದ ನಮ್ಮ ಊರಿನ ಎಷ್ಟೋ ಮಂದಿಗೆ ಈ ವಿದ್ಯೆಯ ಮೊದಲ ಪಾಠ ಅಲ್ಲೇ ಆದದ್ದು.

ಇದರ ಎಂಜಿನ್ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಅದೂ ಟು-ಸ್ಟ್ರೋಕ್. ಆದರೆ ಪೆಟ್ರೋಲ್ ಕುಡಿಯುವುದಿಲ್ಲ. ಮೆಥನಾಲ್, ಅದಕ್ಕೆ ಐದನೇ ಒಂದು ಪಾಲಿನಷ್ಟು ಹರಳೆಣ್ಣೆ ಅಥವಾ ಬೇರೆ ಆಯಿಲ್, ಜೊತೆಗೆ ಸ್ವಲ್ಪ ನೈಟ್ರೊಮೀಥೇನ್. ಹೌದು, ತಲೆಗೆ ಹಚ್ಚಿಕೊಳ್ಳುವ ಅದೇ ಹರಳೆಣ್ಣೆ. ಮೊದಲ ಮಹಾಯುದ್ಧದ ವಿಮಾನಗಳಲ್ಲೂ ಅದನ್ನೇ ಹಾಕುತ್ತಿದ್ದರು, ಅದರ ಹೊಗೆ ಕುಡಿದು ಪೈಲಟ್‌ಗಳ ಹೊಟ್ಟೆ ಕೆಡುತ್ತಿತ್ತು ಎಂಬ ಮಾತಿದೆ. ನಮ್ಮ ಅಜ್ಜಿಯರಿಗೆ ಇದು ಆಶ್ಚರ್ಯದ ಸಂಗತಿ ಆಗುತ್ತಿರಲಿಲ್ಲ. ಕಿಡಿ ಕೊಡುವ ವ್ಯವಸ್ಥೆಯೂ ಇದರಲ್ಲಿಲ್ಲ. ಗ್ಲೋ ಪ್ಲಗ್ಗಿನ ಪ್ಲಾಟಿನಮ್ ತಂತಿಗೆ ಒಂದು ಸಣ್ಣ ಬ್ಯಾಟರಿ ಮುಟ್ಟಿಸಿ ಕೆಂಪಗೆ ಮಾಡಿ ಸ್ಟಾರ್ಟ್ ಮಾಡುತ್ತಾರೆ. ಆಮೇಲೆ ಬ್ಯಾಟರಿ ತೆಗೆದರೂ ಮೆಥನಾಲಿನ ಆವಿ ಆ ತಂತಿಯನ್ನು ಆರಲು ಬಿಡುವುದಿಲ್ಲ.

ಹದ ನೋಡುವ ರೀತಿ ಹೀಗೆ. ಎಂಜಿನ್ ಪೂರ್ತಿ ವೇಗದಲ್ಲಿರುವಾಗ ಇಂಧನದ ರಬ್ಬರ್ ಕೊಳವೆಯನ್ನು ಒಂದು ಕ್ಷಣ ಚಿವುಟಿ ಬಿಡುತ್ತಾರೆ. ದನಿ ಒಂದಿಷ್ಟು ಏರಿ ಇಳಿದರೆ ಮಿಶ್ರಣ ತುಸು ದಪ್ಪವಿದೆ, ಒಳ್ಳೆಯದು. ಏರದೆ ಕುಸಿದರೆ ತೆಳುವಾಗಿದೆ, ನೀಡಲ್ ವಾಲ್ವನ್ನು ಎರಡು ಹಲ್ಲು ಬಿಚ್ಚಬೇಕು. ಆಮೇಲೆ ವಿಮಾನದ ಮೂಗನ್ನು ಆಕಾಶಕ್ಕೆತ್ತಿ ಹಿಡಿದು ಮತ್ತೆ ಕೇಳಬೇಕು. ಎತ್ತಿದಾಗಲೂ ದನಿ ಸೊರಗಲಿಲ್ಲ ಎಂದರೆ ಬಿಡಬಹುದು. ಎರಡು ಉಕ್ಕಿನ ತಂತಿಗಳ ತುದಿಯಲ್ಲಿ ವಿಮಾನ ಕಟ್ಟಿ, ತಾನು ನಡುವೆ ನಿಂತು, ಸುತ್ತಲೂ ಹಾರಿಸುವ ಕಂಟ್ರೋಲ್ ಲೈನ್ ಆಟಗಾರರದು ಇನ್ನೂ ಸೂಕ್ಷ್ಮ. ನೆಲಕ್ಕೆ ಸಮಾನವಾಗಿ ಹಾರುವಾಗ ಎಂಜಿನ್ ಬಿಟ್ಟುಬಿಟ್ಟು ಹೊಡೆಯಬೇಕು, ಮೂಗು ಮೇಲಕ್ಕೆ ತಿರುಗಿದ ಕೂಡಲೇ ಕೂಡಿಕೊಂಡು ಶಕ್ತಿ ಕೊಡಬೇಕು, ಲೂಪ್ ಮುಗಿಸಿ ಇಳಿದಾಗ ಮತ್ತೆ ಮೊದಲಿನಂತೆ ಗುರುಗುಟ್ಟಬೇಕು. ಇಷ್ಟನ್ನೂ ನೆಲದ ಮೇಲೆ ನಿಂತೇ ಒಂದು ನೀಡಲ್ ತಿರುಪಿನಲ್ಲಿ ತುಂಬಿ ಕಳಿಸಬೇಕು. ನಾನು ಕೇಳಿದ ಎಂಜಿನ್ ದನಿಗಳಲ್ಲಿ ಇದಕ್ಕಿಂತ ಚಂದದ್ದು ಇನ್ನೊಂದಿಲ್ಲ.

ಈಗ ಬ್ಯಾಟರಿ ವಿಮಾನಗಳ ಕಾಲ. ಫೋಮಿನ ಒಡಲು, ಬ್ರಷ್‌ಲೆಸ್ ಮೋಟಾರು, ಕೈಗೆ ಎಣ್ಣೆ ಅಂಟುವುದಿಲ್ಲ, ನೆರೆಹೊರೆಯವರ ಬೈಗುಳವಿಲ್ಲ. ಕಲಿಯುವವರು ಇದರಿಂದಲೇ ಶುರು ಮಾಡಲಿ, ಅದೇ ಬುದ್ಧಿವಂತಿಕೆ. ಮೆಥನಾಲ್ ವಿಷ, ಮನೆಯಲ್ಲಿ ಮಕ್ಕಳಿದ್ದರಂತೂ ಹುಷಾರು. ಆದರೂ ಒಂದು ಮಾತು. ಬ್ಯಾಟರಿ ವಿಮಾನವನ್ನು ಹಾರಿಸಬಹುದು, ಅದರ ಎಂಜಿನ್ನಿನ ಹದ ಹಿಡಿಯುವ ಕೆಲಸ ಮಾತ್ರ ಉಳಿದಿಲ್ಲ. ಇನ್ನು ಕಾನೂನು: 2021ರ ಡ್ರೋನ್ ನಿಯಮಗಳು ಕಣ್ಣಳತೆಯಲ್ಲೇ ಹಾರಿಸುವ, 25 ಕೆಜಿ ಮೀರದ ಹವ್ಯಾಸದ ಮಾದರಿಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡಿವೆ. ನಮಗೆ ಮಂಡಕಳ್ಳಿ ವಿಮಾನ ನಿಲ್ದಾಣ ಹತ್ತಿರ. ಎಲ್ಲಿ ಹಾರಿಸಬಹುದೆಂದು ತೋರಿಸುವ ಡಿಜಿಟಲ್ ಸ್ಕೈ ನಕ್ಷೆ ನೋಡದೆ ಯಾದವಗಿರಿಯ ತಾರಸಿಯಿಂದ ಯಾರೂ ಏನನ್ನೂ ಹಾರಿಸಬಾರದು.

ಜಾವಾ ಮತ್ತು ಈ ಪುಟ್ಟ ಎಂಜಿನ್ನಿನ ನಂಟು ನನ್ನ ಕಲ್ಪನೆಯಲ್ಲ. ಮೊದಲಿನ ಟು-ಸ್ಟ್ರೋಕ್ ಎಂಜಿನ್ನುಗಳಲ್ಲಿ ಪಿಸ್ಟನ್ನಿನ ತಲೆಯ ಮೇಲೆ ಒಂದು ದಿಬ್ಬ ಇರುತ್ತಿತ್ತು. ಒಳಬಂದ ಮಿಶ್ರಣ ನೇರ ಹೊರಹೋಗದಂತೆ ತಡೆಯಲು ಅದು. 1920ರ ದಶಕದಲ್ಲಿ ಅಡಾಲ್ಫ್ ಶ್ನ್ಯೂರ್ಲೆ ಎಂಬ ಜರ್ಮನ್ ಎಂಜಿನಿಯರ್ ದಿಬ್ಬ ತೆಗೆದುಹಾಕಿ, ಪಕ್ಕದ ದ್ವಾರಗಳನ್ನೇ ಓರೆಯಾಗಿಸಿ, ಮಿಶ್ರಣ ಸಿಲಿಂಡರಿನೊಳಗೆ ಒಂದು ಸುತ್ತು ಹಾಕಿ ಬರುವಂತೆ ಮಾಡಿದ. ಯುದ್ಧಾನಂತರದ ಜಾವಾ ನಡೆದದ್ದು ಈ ಉಪಾಯದ ಮೇಲೆ. 1970ರ ದಶಕದಲ್ಲಿ ಆಟದ ವಿಮಾನದ ಎಂಜಿನ್ನುಗಳೂ ಇದನ್ನೇ ಹಿಡಿದವು, ಆ ಹವ್ಯಾಸಿಗಳು ಇವತ್ತಿಗೂ ಶ್ನ್ಯೂರ್ಲೆಯ ಹೆಸರು ಹೇಳುತ್ತಾರೆ.

ಕಾರಿನ ಕಥೆಯೂ ಇದೇ ಬೇರಿನದು. ಜಾವಾ ಬರೀ ಬೈಕಿನ ಕಂಪನಿ ಅಲ್ಲ. 1934ರಲ್ಲಿ ಡಿಕೆಡಬ್ಲ್ಯೂ ಎಂಬ ಕಂಪನಿಯ ಪರವಾನಗಿಯಲ್ಲಿ ಟು-ಸ್ಟ್ರೋಕ್ ಕಾರು ಮಾಡಿತು, 1935ರಲ್ಲಿ ಸಾವಿರ ಮೈಲಿಗಳ ಚೆಕೊಸ್ಲೊವಾಕ್ ರೇಸಿಗೆಂದು ಹನಿಯಾಕಾರದ ಕಾರುಗಳನ್ನು ಕಟ್ಟಿತು, 1937ರಲ್ಲಿ ಮೈನರ್ ಎಂಬ ಪುಟ್ಟ ಕಾರು ತಂತು. ಅದರ ಮುಂದಿನ ಮಾದರಿಯನ್ನು ಯುದ್ಧವಾದ ಮೇಲೆ ಏರೋ ಎಂಬ ವಿಮಾನ ಕಂಪನಿಯ ಹೆಸರಿನಲ್ಲಿ ಮಾರಿದರು. ಏರೋ ಮೈನರ್ 1949ರ ಲೆ ಮಾನ್ಸ್ ರೇಸಿನಲ್ಲಿ 750 ಸಿಸಿ ವರ್ಗದಲ್ಲಿ ಗೆದ್ದಿತು. ಯಾದವಗಿರಿಯ ಬೈಕಿನ ದಾಯಾದಿ, ವಿಮಾನದವರ ಹೆಸರು ಹೊತ್ತು, ಸ್ಪೋರ್ಟ್ಸ್ ಕಾರಿನ ಕಣದಲ್ಲಿ ಗೆದ್ದಿತ್ತು ಎಂಬುದು ನನಗೆ ತೀರದ ಖುಷಿ. ನಮ್ಮ ಕಡೆಯೂ ಈ ನಂಟು ಇತ್ತು. ದಕ್ಷಿಣದ ಬೈಕು, ಕಾರುಗಳ ರೇಸಿಗೆ ದಶಕಗಳ ಕಾಲ ನೆಲೆಯಾಗಿದ್ದ ಮದ್ರಾಸಿನ ಶೋಲಾವರಂ ಮೂಲದಲ್ಲಿ ಯುದ್ಧಕಾಲದ ವಿಮಾನ ರನ್‌ವೇ.

ಸ್ಪೋರ್ಟ್ಸ್ ಕಾರೆಂದರೆ ಕೋಟಿ ರೂಪಾಯಿಯದ್ದೇ ಆಗಬೇಕೆಂದಿಲ್ಲ. ದೇವರಾಜ ಅರಸು ರಸ್ತೆಯಲ್ಲಿ ಎರಡನೇ ಗೇರು ದಾಟದೆ ಸದ್ದು ಮಾಡುವ ಕೆಂಪು ಕಾರುಗಳನ್ನು ಕಂಡಾಗ ನನಗೆ ಅಸೂಯೆ ಹುಟ್ಟುವುದಿಲ್ಲ, ಕನಿಕರ ಹುಟ್ಟುತ್ತದೆ. ಬೆಂಗಳೂರಿನ ಸ್ಯಾನ್ ಕಂಪನಿಯವರು ತೊಂಬತ್ತರ ದಶಕದ ಕೊನೆಗೆ ಸ್ಟಾರ್ಮ್ ಎಂಬ ಎರಡು ಸೀಟಿನ, ಮೇಲ್ಛಾವಣಿ ತೆಗೆಯಬಹುದಾದ ಕಾರು ತಂದಿದ್ದರು. ಫೈಬರ್ ಗ್ಲಾಸ್ ಒಡಲು, ರೆನೋದ 1.2 ಲೀಟರ್ ಎಂಜಿನ್, 60 ಅಶ್ವಶಕ್ತಿ. ಅಂಕಿ ಕೇಳಿ ನಗುವವರಿದ್ದಾರೆ. ಆದರೆ ಹಗುರ ಕಾರಿಗೆ ಅಷ್ಟೇ ಸಾಕು. ಊರಿನಿಂದ ಸುಮಾರು 300 ಮೀಟರ್ ಮೇಲಿರುವ ಚಾಮುಂಡಿ ಬೆಟ್ಟದ ತಿರುವುಗಳಲ್ಲಿ, ಬಸ್ಸುಗಳು ಹೊರಡುವ ಮುಂಚಿನ ಮುಂಜಾವಿನಲ್ಲಿ, ನಲವತ್ತರ ವೇಗದಲ್ಲೇ ಪೂರ್ತಿ ಸುಖ ಸಿಗುತ್ತದೆ. ತಿರುವಿಗೆ ಮೊದಲೇ ಬ್ರೇಕು, ಇಳಿಗೇರಿಗೆ ಹಾಕುವಾಗ ಎಂಜಿನ್ ವೇಗವನ್ನು ಕಾಲಿನಿಂದ ಹೊಂದಿಸಿಕೊಳ್ಳುವುದು, ಹೊರಬರುವಾಗ ಸ್ಟಿಯರಿಂಗ್ ತಾನಾಗಿ ನೇರಗೊಳ್ಳಲು ಬಿಡುವುದು. ಎಲ್ಲೂ ಜರ್ಕ್ ಇಲ್ಲದೆ ಮೇಲೆ ಬಂದರೆ ಪಕ್ಕದಲ್ಲಿ ಕೂತವರಿಗೆ ಏನೂ ಆಗಲಿಲ್ಲ ಅನ್ನಿಸಬೇಕು. ಅದೇ ಒಳ್ಳೆಯ ಡ್ರೈವಿಂಗ್. 118 ಕಿಲೋಮೀಟರಿನ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಈ ಸುಖ ಇಲ್ಲ, ಅಲ್ಲಿ ಊರು ಬೇಗ ಬರುತ್ತದೆ, ಅಷ್ಟೇ. 2023ರ ಆಗಸ್ಟ್‌ನಿಂದ ಅದರ ಮುಖ್ಯ ಪಥಕ್ಕೆ ಬೈಕುಗಳ ಪ್ರವೇಶವೂ ಇಲ್ಲ. ಜಾವಾದವರು ಸರ್ವಿಸ್ ರಸ್ತೆಯಲ್ಲೇ ಬರುತ್ತಾರೆ, ಮದ್ದೂರಿನಲ್ಲಿ ವಡೆಗೆ ನಿಲ್ಲಿಸುತ್ತಾರೆ, ನಷ್ಟವೇನಿಲ್ಲ.

ಟು-ಸ್ಟ್ರೋಕ್ ಸತ್ತದ್ದು ಅನ್ಯಾಯವಾಗಿ ಅಲ್ಲ ಎಂಬುದನ್ನೂ ಹೇಳಬೇಕು. ಹೊಗೆಯನ್ನು ನೂಕುವ ಭರದಲ್ಲಿ ಹೊಸ ಪೆಟ್ರೋಲಿನ ಒಂದು ಪಾಲು ಉರಿಯದೆ ಸೈಲೆನ್ಸರಿನಿಂದ ಹೊರಟುಹೋಗುತ್ತದೆ. ಜೇಬಿಗೂ ನಷ್ಟ, ಶ್ವಾಸಕೋಶಕ್ಕೂ ನಷ್ಟ. 1985ರಲ್ಲಿ ಹೀರೋ ಹೋಂಡಾದ ನೂರು ಸಿಸಿಯ ಫೋರ್-ಸ್ಟ್ರೋಕ್ ಬೈಕು ಬಂದು ಜನರಿಗೆ ಮೈಲೇಜಿನ ರುಚಿ ಹತ್ತಿಸಿದ ಮೇಲೆ ಯಾದವಗಿರಿಯ ದಿನಗಳು ಎಣಿಕೆಗೆ ಬಂದಿದ್ದವು. 2018ರಲ್ಲಿ ಜಾವಾ ಹೆಸರು ಮರಳಿ ಬಂದಾಗ ಅದು ಫೋರ್-ಸ್ಟ್ರೋಕ್ ಆಗಿತ್ತು, ತಯಾರಾದದ್ದು ಮಧ್ಯಪ್ರದೇಶದ ಪೀಥಮ್‌ಪುರದಲ್ಲಿ. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರನ್ನು ಮರ್ಯಾದೆಯಿಂದ ಉಳಿಸಿಕೊಂಡಿದ್ದಾರೆ. ಒಳ್ಳೆಯ ಬೈಕು. ದನಿ ಮಾತ್ರ ಬೇರೆಯವರದ್ದು. ದಿನವೂ ಆಫೀಸಿಗೆ ಹೋಗುವವರಿಗೆ ಹೊಸದನ್ನೇ ಕೊಳ್ಳಿ ಎನ್ನುತ್ತೇನೆ. ಭಾನುವಾರಕ್ಕೆ ಮಾತ್ರ ಹಳೆಯದು.

ಅಂದ ಹಾಗೆ, ಪ್ರತಿ ವರ್ಷ ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ದಿನ. ಕೇಳಬೇಕೆನಿಸಿದವರು ಅವತ್ತು ಹೋಗಿ ಕಿವಿತುಂಬ ಕೇಳಬಹುದು. ಇನ್ನೊಂದು ಉಪಯೋಗದ ಮಾತು. 2021ರ ಕೇಂದ್ರದ ನಿಯಮದಂತೆ 50 ವರ್ಷ ದಾಟಿದ, ಮೂಲರೂಪ ಕೆಡದ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸಬಹುದು, ಅವಕ್ಕೆ 'ವಿಎ' ಗುರುತಿನ ಬೇರೆ ನಂಬರ್ ಪ್ಲೇಟ್. ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಯಾದವಗಿರಿಯಿಂದ ಅರವತ್ತರ ದಶಕದಲ್ಲಿ ಹೊರಬಂದ ಪ್ರತಿಯೊಂದು ಜಾವಾವೂ ಈಗ ಆ ವಯಸ್ಸು ದಾಟಿದೆ. ನಿಮ್ಮ ತಾತನ ಮನೆಯ ಶೆಡ್ಡಿನಲ್ಲಿ ಗೋಣಿಚೀಲದ ಕೆಳಗೆ ಒಂದಿದ್ದರೆ ಗುಜರಿಯವನಿಗೆ ಕೊಡಬೇಡಿ. ಮೊದಲು ಆರ್‌ಸಿ ಪುಸ್ತಕ ಹುಡುಕಿ.