ಲಗಾಶದ ದೊರೆಯೂ ಶಾಲೆಯ ಉಪಾಧ್ಯಾಯಿನಿಯೂ

ಗಣಕಯಂತ್ರದ ಆಟಕ್ಕೂ ಸಾಹಿತ್ಯದ ಪುಟಕ್ಕೂ ಏನು ನಂಟು ಎಂದು ವಾಚಕರು ಕೇಳಬಹುದು. ನಂಟಿದೆ. ಅಮೆರಿಕೆಯಲ್ಲಿ 1964ರಲ್ಲಿ ಮಕ್ಕಳು ಆಡಿದ ‘ಸುಮೇರಿಯದ ಆಟ’ ಮೊದಲ ರೂಪದಲ್ಲಿ ಬರಿಯ ಮಾತಿನಿಂದಾದದ್ದು. ಪರದೆಯಿಲ್ಲ, ಗುಂಡಿನ ಸದ್ದಿಲ್ಲ. ಟೈಪ್‌ರೈಟರಿನಂಥ ಯಂತ್ರವೊಂದು ಕಾಗದದ ಮೇಲೆ ಕಥೆಯನ್ನು ಒಡ್ಡುತ್ತದೆ, ಹುಡುಗ ಅಂಕಿಗಳಲ್ಲಿ ಉತ್ತರ ಕೊಡುತ್ತಾನೆ, ಆ ಉತ್ತರದಂತೆ ಕಥೆ ಮುಂದುವರಿಯುತ್ತದೆ. ಇದನ್ನು ಬರೆದವರು ಮೇಬಲ್ ಆಡಿಸ್ (1912–2004), ನ್ಯೂಯಾರ್ಕ್ ರಾಜ್ಯದ ಕಟೋನಾ ಎಂಬ ಊರಿನ ಪ್ರಾಥಮಿಕ ಶಾಲೆಯಲ್ಲಿ ನಾಲ್ಕನೆಯ ತರಗತಿಗೆ ಪಾಠ ಹೇಳುತ್ತಿದ್ದ ಉಪಾಧ್ಯಾಯಿನಿ. (ಆಡಿಸ್ ಎಂಬ ಹೆಸರು ಕನ್ನಡದ ಕಿವಿಗೆ ಆಟ ಆಡಿಸುವವರ ಹೆಸರಿನಂತೆಯೇ ಕೇಳುವುದು ಕೇವಲ ಕಾಕತಾಳೀಯ.)

ಐ.ಬಿ.ಎಂ. ಸಂಸ್ಥೆಯೂ ವೆಸ್ಟ್‌ಚೆಸ್ಟರ್ ಜಿಲ್ಲೆಯ ಶಿಕ್ಷಣ ಮಂಡಲಿಯೂ ಕೂಡಿ, ಯಂತ್ರದಿಂದ ಮಕ್ಕಳಿಗೆ ಪಾಠ ಹೇಳಿಸಲಾದೀತೇ ಎಂದು 1962ರಲ್ಲಿ ವಿಚಾರಕ್ಕೆ ತೊಡಗಿದವು. ಗ್ರೀಕರಿಗಿಂತ ಹಿಂದಿನ ನಾಗರಿಕತೆಗಳನ್ನು ಶಾಲೆಯ ಪಠ್ಯ ಮರೆತೇಬಿಟ್ಟಿದೆ ಎಂಬ ಅಸಮಾಧಾನ ಐ.ಬಿ.ಎಂ.ನ ಬ್ರೂಸ್ ಮಾನ್‌ಕ್ರೀಫ್ ಅವರಿಗಿತ್ತು. ಆಡಿಸ್ ಅವರಿಗೂ ಇತ್ತು. ಹೀಗೆ ಸುಮೇರಿಯ ವಸ್ತುವಾಯಿತು. ವಿಲಿಯಂ ಮಕೇ ಎಂಬುವರು ಯಂತ್ರಕ್ಕೆ ಬೇಕಾದ ಕ್ರಮವಿಧಿಯನ್ನು ಬರೆದರು. ಕಥೆಯೂ ಅದರ ನಡೆಯೂ ಆಡಿಸ್ ಅವರವು.

ಆಡುವವನು ಕ್ರಿಸ್ತಪೂರ್ವ 3500ರ ಲಗಾಶ ನಗರದ ದೊರೆ. ಅರಮನೆಯ ಪಾರುಪತ್ಯಗಾರ ಬಂದು ಒಪ್ಪಿಸುತ್ತಾನೆ: ಜನ ಇಷ್ಟು, ಹೊಲ ಇಷ್ಟು, ಬೆಳೆದ ಕಾಳು ಇಷ್ಟು, ಕಣಜದಲ್ಲಿ ಉಳಿದದ್ದು ಇಷ್ಟು. ಊಟಕ್ಕೆಷ್ಟು, ಬಿತ್ತನೆಗೆಷ್ಟು, ಕೂಡಿಡುವುದಕ್ಕೆಷ್ಟು ಎಂಬುದನ್ನು ದೊರೆ ಹೇಳಬೇಕು. ಹೇಳಿದ ಮೇಲೆ ಬೆಂಕಿ ಬಿದ್ದೀತು, ಹೊಳೆ ಉಕ್ಕೀತು. ಎರಡನೆಯ ಘಟ್ಟದಲ್ಲಿ ಮಿಕ್ಕ ಕಾಳು ಕುಶಲ ಕಸಬುಗಳಿಗೆ ಹೋಗುತ್ತದೆ. ಮೂರನೆಯದರಲ್ಲಿ ವ್ಯಾಪಾರ, ಪರನಗರಗಳ ಸಂಪರ್ಕ. ಒಂದೊಂದು ಘಟ್ಟಕ್ಕೂ ಒಬ್ಬೊಬ್ಬ ದೊರೆ, ಮೂವರದೂ ಲುದುಗನೆಂಬ ಒಂದೇ ಹೆಸರು.

ಇಲ್ಲಿ ಮೆಚ್ಚಬೇಕಾದದ್ದು ಪಾರುಪತ್ಯಗಾರನ ಕಲ್ಪನೆ. ಇತಿಹಾಸದ ಪಾಠಪುಸ್ತಕ ಸುಮೇರಿಯದಲ್ಲಿ ಹೆಚ್ಚುವರಿ ಧಾನ್ಯದಿಂದ ಕಸಬುಗಳು ಹುಟ್ಟಿದವು ಎಂದು ಒಂದು ವಾಕ್ಯದಲ್ಲಿ ಮುಗಿಸಿಬಿಡುತ್ತದೆ. ಅದೇ ಸಂಗತಿಯನ್ನು ಆಡಿಸ್ ಒಬ್ಬ ಸೇವಕನ ಬಾಯಿಂದ, ಹನ್ನೆರಡರ ಹುಡುಗನೊಬ್ಬನನ್ನು ಸಿಂಹಾಸನದಲ್ಲಿ ಕೂರಿಸಿ, ಅವನಿಗೇ ಹೇಳಿಸುತ್ತಾರೆ. ಕೇಳುವವನೂ ಹೊಣೆಗಾರನೂ ಒಬ್ಬನೇ. ಕಾಳನ್ನು ತಪ್ಪಾಗಿ ಹಂಚಿದರೆ ಮುಂದಿನ ಸುಗ್ಗಿಯ ವರದಿಯಲ್ಲಿ ಜನಸಂಖ್ಯೆ ಇಳಿದಿರುತ್ತದೆ. ಬೈಯುವವರಿಲ್ಲ, ಅಂಕಿ ಮಾತ್ರ ಇಳಿದಿರುತ್ತದೆ. ನಾಟಕಕಾರ ಪಾತ್ರದಿಂದ ಸಾಧಿಸುವ ಕೆಲಸವನ್ನು ಇಲ್ಲಿ ಲೆಕ್ಕ ಸಾಧಿಸುತ್ತದೆ. ಆದರೆ ಕೃತಿಗೆ ಒಂದು ಕೊರತೆಯೂ ಇದೆಯೆನ್ನಬೇಕು: ಲಗಾಶದ ಪ್ರಜೆ ಇಲ್ಲಿ ಉಣ್ಣುವ ಬಾಯಿ, ದುಡಿಯುವ ಕೈ, ಅವನ ಮಾತು ಅರಮನೆಯವರೆಗೆ ಬರುವುದೇ ಇಲ್ಲ. ದೊರೆಯ ಕಣ್ಣಿನಿಂದ ನಾಡನ್ನು ನೋಡುವ ಈ ಚಾಳಿ, ಮುಂದೆ ರಾಜ್ಯ ಕಟ್ಟುವ ನೂರಾರು ಆಟಗಳಿಗೂ ಅಂಟಿಕೊಂಡಿತು.

ಈ ಕೃತಿ ಮರೆವೆಗೆ ಸಂದ ಬಗೆ ವಿಚಿತ್ರವಾದದ್ದು. ಮೊದಲ ಪ್ರಯೋಗದಲ್ಲಿ ಆಡಿದವರು ಆರನೆಯ ತರಗತಿಯ 30 ಮಕ್ಕಳು. ಆಡುವುದಕ್ಕೆ ಐ.ಬಿ.ಎಂ. 7090ರಂಥ ಬೃಹದ್ಯಂತ್ರ ಬೇಕು. ಅದು ಯಾರ ಮನೆಯಲ್ಲಿದ್ದೀತು? 1966ರ ಹೊತ್ತಿಗೆ ಆಡಿಸ್ ಆಟವನ್ನು ತಿದ್ದಿ ಅದಕ್ಕೆ ಚಿತ್ರಗಳನ್ನೂ ಧ್ವನಿಸುರುಳಿಗಳನ್ನೂ ಕೂಡಿಸಿದರು. ಯೋಜನೆ ಮುಗಿಯಿತು, ಆಟವೂ ಕಣ್ಮರೆಯಾಯಿತು. ಅಷ್ಟರಲ್ಲಿ ಅದರ ವಿಚಾರವನ್ನು ಕೇಳಿದ್ದ ಡಗ್ ಡೈಮೆಂಟ್ 1968ರಲ್ಲಿ ಮೊದಲ ಘಟ್ಟವನ್ನಷ್ಟೇ ಹಿಡಿದು, ಸಣ್ಣ ಯಂತ್ರಕ್ಕೆ ಹೊಂದುವ ಚಿಕ್ಕ ಆಟವೊಂದನ್ನು ಮಾಡಿದರು. ಅದನ್ನು ಡೇವಿಡ್ ಆಹ್ಲ್ ಬೇಸಿಕ್ ಭಾಷೆಗೆ ತಂದು 1973ರ ತಮ್ಮ ಪುಸ್ತಕದಲ್ಲಿ ‘ಹಮುರಾಬಿ’ ಎಂದು ಅಚ್ಚು ಹಾಕಿಸಿದರು. ಓದಿದವರು ಸಾಲು ಸಾಲಾಗಿ ತಮ್ಮ ಯಂತ್ರಗಳಲ್ಲಿ ಟೈಪು ಮಾಡಿಕೊಂಡು ಆಡಿದರು. ಮಗುವಿನ ಹೆಸರು ಊರಿಗೆಲ್ಲ ತಿಳಿಯಿತು, ತಾಯಿಯ ಹೆಸರು ಯಾರಿಗೂ ತಿಳಿಯಲಿಲ್ಲ.

ಆಹ್ಲರನ್ನು ದೂರುವುದು ಅನ್ಯಾಯ. ಅವರ ಪುಸ್ತಕವಿಲ್ಲದಿದ್ದರೆ ಈ ಬೀಜವೂ ಉಳಿಯುತ್ತಿರಲಿಲ್ಲ. ಆದರೂ ಎರಡು ಪಾಠಗಳನ್ನು ಹೋಲಿಸಿದರೆ ಕಳೆದದ್ದೇನೆಂದು ಕಾಣುತ್ತದೆ. ಹಮ್ಮುರಾಬಿ ಬಾಬಿಲೋನಿನ ಅರಸು, ಲಗಾಶದ ಆ ದೊರೆಗಳಿಗಿಂತ ಸಾವಿರ ವರ್ಷಕ್ಕೂ ಈಚಿನವನು. ಹೆಸರಿನ ಒತ್ತಕ್ಷರವೂ ಬಿದ್ದುಹೋಗಿದೆ. ಕಸಬಿನ, ವ್ಯಾಪಾರದ ಘಟ್ಟಗಳಿಲ್ಲ. ಹತ್ತು ವರ್ಷದ ಆಳಿಕೆ ಮುಗಿದಾಗ ಆಟ ದೊರೆಯನ್ನು ಚೆನ್ನಾಗಿ ಆಳಿದರೆ ಜೆಫರ್ಸನ್, ಡಿಸ್ರೇಲಿಯರಿಗೂ, ಕೆಟ್ಟದಾಗಿ ಆಳಿದರೆ ನೀರೋವಿಗೂ ಹೋಲಿಸಿ ನಗಿಸುತ್ತದೆ. ಹಾಸ್ಯ ಸೊಗಸಾಗಿಯೇ ಇದೆ. ಆದರೆ ಆ ನಗೆಯೊಡನೆ ಸುಮೇರಿಯವೂ ಅಳಿಸಿಹೋಗುತ್ತದೆ. ಆಡಿಸ್ ಅವರಿಗೆ ಕಾಳು ಒಂದು ನಾಗರಿಕತೆಯ ಕಥೆಯ ಮೊದಲ ಅಧ್ಯಾಯ. ‘ಹಮುರಾಬಿ’ಗೆ ಕಾಳು ಬರಿಯ ಕಾಳು.

2023ರಲ್ಲಿ ಅಮೆರಿಕೆಯ ಆಟರಚನಕಾರರ ಸಮಾವೇಶದಲ್ಲಿ ಆಡಿಸ್ ಅವರಿಗೆ ಮರಣೋತ್ತರವಾಗಿ ಪ್ರವರ್ತಕ ಪ್ರಶಸ್ತಿ ಸಂದಿತು. ಈಗ ಎಲ್ಲರೂ ಅವರನ್ನು ‘ಮೊದಲ ಮಹಿಳಾ ಆಟರಚನಕಾರ್ತಿ’ ಎಂದು ಕರೆಯುತ್ತಾರೆ. ಬಿರುದು ದೊಡ್ಡದು, ಆದರೆ ಅದರ ಮರೆಯಲ್ಲಿ ಕೃತಿ ಮತ್ತೊಮ್ಮೆ ಮುಚ್ಚಿಹೋಗುವ ಭಯವಿದೆ. ಯಾರು ಮೊದಲು ಎಂಬ ಪಂದ್ಯಕ್ಕಿಂತ, ಏನು ಬರೆದರು ಎಂಬ ಪ್ರಶ್ನೆ ಮುಖ್ಯ. ಮೂಲದ ಕ್ರಮವಿಧಿ ಕಳೆದುಹೋಗಿದೆ. ರಾಚೆಸ್ಟರಿನ ಸ್ಟ್ರಾಂಗ್ ವಸ್ತುಸಂಗ್ರಹಾಲಯದಲ್ಲಿ ಪ್ರದರ್ಶನದ ಚಿತ್ರಗಳೂ, ಮೂರು ಸಲ ಆಡಿದಾಗ ಯಂತ್ರ ಅಚ್ಚೊತ್ತಿದ ಕಾಗದಗಳೂ ಉಳಿದಿವೆ. ಓಲೆಗರಿಯ ಪ್ರತಿಗಳನ್ನು ಹೋಲಿಸಿ ಮೂಲಪಾಠವನ್ನು ಊಹಿಸುವುದು ನಮ್ಮ ಗ್ರಂಥಸಂಪಾದಕರಿಗೆ ಬಳಕೆಯಾದ ಕೆಲಸ. ಇಲ್ಲಿ ತೊಡಕು ಬೇರೆ ಬಗೆಯದು. ಮೂರು ಪ್ರತಿಗಳೂ ಮೂವರು ಮಕ್ಕಳ ಮೂರು ಆಳಿಕೆಗಳು; ಒಬ್ಬ ದೊರೆ ಕೇಳದೆ ಬಿಟ್ಟ ಪ್ರಶ್ನೆಗೆ ಪಾರುಪತ್ಯಗಾರ ಏನು ಹೇಳುತ್ತಿದ್ದನೆಂಬುದು ಯಾವ ಪ್ರತಿಯಲ್ಲಿಯೂ ಇಲ್ಲ.