ಕುರುಬೂರಿನ ಕಂಬದ ಸುತ್ತ

ಈ ವಾರ ಕಾಲೇಜು ಫುಟ್‌ಬಾಲ್ ತಂಡಗಳ ಬಗ್ಗೆ ಬರೆಯುವುದೆಂದು ಹೋದ ವಾರವೇ ಈ ಅಂಕಣದಲ್ಲಿ ಮಾತು ಕೊಟ್ಟಾಗಿತ್ತು. ವಿಷಯಕ್ಕೇನೂ ಬರವಿಲ್ಲ. ಸಂತೋಷ್ ಟ್ರೋಫಿಯನ್ನು ಮೈಸೂರು ರಾಜ್ಯ 1946–47, 1952–53, 1967–68 ಮತ್ತು 1968–69ರಲ್ಲಿ ಗೆದ್ದಿತ್ತು. ಆಮೇಲೆ 54 ವರ್ಷ ಕಾಯಿಸಿ, 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಕರ್ನಾಟಕ ಅದನ್ನು ಮತ್ತೆ ಮನೆಗೆ ತಂದಿತು. ಆದರೆ ಆ ಚೆಂಡು ಹೆಚ್ಚಾಗಿ ಉರುಳಿದ್ದು ಬೆಂಗಳೂರಿನ ಹಲಸೂರು, ಆಸ್ಟಿನ್ ಟೌನ್, ಮರ್ಫಿ ಟೌನ್‌ಗಳಲ್ಲಿ. ಎಚ್‌ಎಎಲ್, ಐಟಿಐಯಂಥ ಕಾರ್ಖಾನೆ ತಂಡಗಳಲ್ಲಿ. ಕಪಿಲೆಯ ದಂಡೆಯ ನಂಜನಗೂಡಿಗೋ, ಕಾವೇರಿ–ಕಪಿಲೆ ಕೂಡುವ ತಿ. ನರಸೀಪುರಕ್ಕೋ ಬಂದು, ಈ ಸೀಮೆಯ ಸಣ್ಣ ಊರೊಂದು ದೊಡ್ಡ ಹೆಸರು ಮಾಡಿದ ಆಟ ಯಾವುದು ಎಂದು ಕೇಳಿದರೆ ಸಿಗುವ ಉತ್ತರದಲ್ಲಿ ಚೆಂಡೇ ಇಲ್ಲ. ಹಾಗಾಗಿ ಫುಟ್‌ಬಾಲ್ ಇನ್ನೊಂದು ವಾರಕ್ಕಿರಲಿ. ಇವತ್ತು ಖೋ ಖೋ.

ತಿ. ನರಸೀಪುರ ತಾಲ್ಲೂಕಿನ ಕುರುಬೂರು ಪತ್ರಿಕೆ ಓದುವವರಿಗೆ ಕಬ್ಬು ಬೆಳೆಗಾರರ ಹೋರಾಟದ ಸುದ್ದಿಗಳಿಂದ ಪರಿಚಿತ ಹೆಸರು. 2025ರ ಜನವರಿಯಲ್ಲಿ ಅದು ಬೇರೆ ಪುಟಕ್ಕೆ ಬಂತು. ದೆಹಲಿಯ ಇಂದಿರಾ ಗಾಂಧಿ ಒಳಾಂಗಣ ಕ್ರೀಡಾಂಗಣದಲ್ಲಿ ಜನವರಿ 13ರಿಂದ 19ರವರೆಗೆ ಮೊದಲ ಖೋ ಖೋ ವಿಶ್ವಕಪ್ ನಡೆಯಿತು. ಭಾರತದ ಮಹಿಳೆಯರು ಫೈನಲ್‌ನಲ್ಲಿ ನೇಪಾಳವನ್ನು 78–40ರಿಂದ ಸೋಲಿಸಿದರು. ಪಂದ್ಯದ ಶ್ರೇಷ್ಠ ಆಟಗಾರ್ತಿ ಕುರುಬೂರಿನ ಬಿ. ಚೈತ್ರಾ. ಅದೇ ದಿನ ಪುರುಷರೂ ನೇಪಾಳವನ್ನೇ 54–36ರಿಂದ ಗೆದ್ದರು. ಆ ತಂಡದಲ್ಲಿ ಕರ್ನಾಟಕದ ಎಂ.ಕೆ. ಗೌತಮ್ ಇದ್ದರು.

ಆ ಮಹಿಳಾ ಫೈನಲ್‌ನ ಅಂಕಪಟ್ಟಿಯನ್ನು ಬಿಡಿಸಿ ನೋಡಬೇಕು. ಮೊದಲ ಸರದಿಯಲ್ಲಿ ಭಾರತ ಬೆನ್ನಟ್ಟಿ 34 ಅಂಕ ಗಳಿಸಿತು. ಅರ್ಧ ಆಟ ಮುಗಿದಾಗ 35–24, ಮೂರನೇ ಸರದಿಯ ಕೊನೆಗೆ 73–24. ಗೆಲುವು ಹೆಚ್ಚುಕಡಿಮೆ ಕೈಸೇರಿತ್ತು. ಉಳಿದದ್ದು ನೇಪಾಳದ ಕೊನೆಯ ಬೆನ್ನಟ್ಟುವಿಕೆ. ಸಾಮಾನ್ಯ ತಂಡವಾದರೆ ಇಲ್ಲಿ ಕಾಲು ಸಡಿಲಿಸುತ್ತಿತ್ತು. ಚೈತ್ರಾ ಇದ್ದ ಮೊದಲ ಬ್ಯಾಚು 5 ನಿಮಿಷ 14 ಸೆಕೆಂಡ್ ಅಂಕಣದಲ್ಲೇ ಉಳಿಯಿತು. ಮೂರು ನಿಮಿಷ ದಾಟಿದ್ದಕ್ಕೆ ಒಂದು ಅಂಕ, ಆಮೇಲೆ ಪ್ರತಿ ಅರ್ಧ ನಿಮಿಷಕ್ಕೆ ಇನ್ನೊಂದು. 73 ಹೋಗಿ 78 ಆದದ್ದು ಹೀಗೆ. ಅಂಕ ಐದೇ. ಆದರೆ ಮೂವರು ಓಟಗಾರ್ತಿಯರು ಐದು ನಿಮಿಷದ ಮೇಲೆ ಉಳಿಯುವುದೆಂದರೆ ಎದುರಾಳಿಯ ಉಸಿರನ್ನೂ ಯೋಜನೆಯನ್ನೂ ಒಟ್ಟಿಗೆ ಕಟ್ಟಿಹಾಕಿದಂತೆ. ಅಂದಿನ ಪಂದ್ಯದಲ್ಲಿ ಅತಿ ಸೊಗಸಾದ ಆಟ ಅದೇ.

ಇಂಥ ಆಟ ಕುರುಬೂರಿನಂಥ ಊರಿನಿಂದ ಬರುವುದರಲ್ಲಿ ಅಚ್ಚರಿಯೇನಿಲ್ಲ. ಖೋ ಖೋ ತಂಡವನ್ನು ಅಲ್ಲೊಬ್ಬರು ಇಲ್ಲೊಬ್ಬರೆಂದು ಆರಿಸಿ ತಂದು ಕೂಡಿಸಿದರೆ ಕೂಡುವುದಿಲ್ಲ. ಫುಟ್‌ಬಾಲ್‌ನಲ್ಲಿ ಪಾಸ್ ಪಡೆಯುವವನಿಗೆ ಚೆಂಡು ಕಣ್ಣೆದುರೇ ಬರುತ್ತದೆ. ಖೋ ಖೋದಲ್ಲಿ ಸಾಲಿನಲ್ಲಿ ಕುಳಿತವಳಿಗೆ ಖೋ ಬರುವುದು ಬೆನ್ನ ಹಿಂದಿನಿಂದ. ಕೈ ತಾಗುವ ಮುಂಚೆ ಎದ್ದರೆ ಫೌಲ್. ತಾಗಿದ ಮೇಲೆ ತಡವಾಗಿ ಎದ್ದರೆ ಓಟಗಾರ್ತಿ ಎರಡು ಚೌಕ ದಾಟಿರುತ್ತಾಳೆ. ಬೆನ್ನಟ್ಟುವವಳು ಒಮ್ಮೆ ದಿಕ್ಕು ಹಿಡಿದರೆ ಕಂಬ ಮುಟ್ಟುವವರೆಗೆ ಹಿಂದಿರುಗುವಂತಿಲ್ಲ, ನಡುಗೆರೆ ದಾಟುವಂತಿಲ್ಲ. ಆದ್ದರಿಂದ ಕುಳಿತವಳ ಕಣ್ಣು ಓಟಗಾರ್ತಿಯ ಭುಜದ ಮೇಲೆ, ಕಿವಿ ಹಿಂದಿನ ಹೆಜ್ಜೆಯ ಮೇಲೆ. ಯಾರ ಹೆಜ್ಜೆ ಎಂದು ಸದ್ದಿನಲ್ಲೇ ಗುರುತು ಹಿಡಿಯಬೇಕು. ಈ ಗುರುತು ಹತ್ತು ದಿನದ ಶಿಬಿರದಲ್ಲಿ ಬರುವಂಥದ್ದಲ್ಲ. ಒಂದೇ ಶಾಲೆಯಲ್ಲಿ ಓದಿ, ಒಂದೇ ಬಯಲಿನಲ್ಲಿ ಬಿದ್ದೆದ್ದು, ತಾಲ್ಲೂಕು ಪಂದ್ಯಕ್ಕೆ ಒಂದೇ ಬಸ್ಸಿನಲ್ಲಿ ಹೋಗಿ ಬರುವ ಮಕ್ಕಳಿಗೆ ಅದು ವರ್ಷಗಳಲ್ಲಿ ಕೂಡಿ ಬರುತ್ತದೆ. ದೊಡ್ಡ ನಗರದ ಕ್ಲಬ್ಬಿಗೆ ಹಣ ಇರಬಹುದು. ಈ ಸಹವಾಸ ಸಿಗುವುದು ಕಷ್ಟ. ಬೇಕಾದ ಸಾಮಾನಾದರೂ ಎಷ್ಟು? ಎರಡು ಕಂಬ, ಗೆರೆ ಎಳೆಯಲು ಸುಣ್ಣದ ಪುಡಿ, 27 ಮೀಟರ್ ಉದ್ದ, 16 ಮೀಟರ್ ಅಗಲದ ನೆಲ, ಜೊತೆಗೆ ಸಂಜೆ ಬಿಡದೆ ಬಂದು ನಿಲ್ಲುವ ಒಬ್ಬ ದೈಹಿಕ ಶಿಕ್ಷಕ.

ಇಲ್ಲಿ ಒಂದು ಹಳೆಯ ಜಗಳವನ್ನು ಮತ್ತೆ ಎತ್ತದೆ ಮುಂದೆ ಹೋಗಲಾಗದು. 2022ರಲ್ಲಿ ಪುಣೆಯಲ್ಲಿ ಶುರುವಾದ ಅಲ್ಟಿಮೇಟ್ ಖೋ ಖೋ ಲೀಗ್ ಒಂಬತ್ತು ಜನರ ಆಟವನ್ನು ಏಳಕ್ಕೆ ಇಳಿಸಿತು, ಒಂಬತ್ತು ನಿಮಿಷದ ಸರದಿಯನ್ನು ಏಳು ನಿಮಿಷಕ್ಕೆ ಕತ್ತರಿಸಿತು, ಮಣ್ಣಿನ ಬದಲು ಮ್ಯಾಟ್ ಹಾಸಿತು. ಮ್ಯಾಟಿನ ಬಗ್ಗೆ ತಕರಾರಿಲ್ಲ. ಮೊಣಕಾಲು ಕಿತ್ತುಕೊಂಡು ಬೆಳೆದ ಪೀಳಿಗೆಗೆ ಅದರ ಬೆಲೆ ಗೊತ್ತು. ಕಂಬ ಹಿಡಿದು ಹಾರುವ ಪೋಲ್ ಡೈವ್ ಮ್ಯಾಟಿನ ಮೇಲೆ ಇನ್ನಷ್ಟು ಧೈರ್ಯದಿಂದ ಬರುತ್ತದೆ. ತಕರಾರಿರುವುದು ‘ವಜೀರ್’ ಬಗ್ಗೆ. ಈ ವಜೀರ್ ಯಾವ ದಿಕ್ಕಿಗೂ ಓಡಬಹುದು. ದಿಕ್ಕಿನ ಕಟ್ಟುಪಾಡೇ ಖೋ ಖೋದ ಜೀವ. ಬೆನ್ನಟ್ಟುವವನಿಗೆ ಹಿಂದಿರುಗಲು ಆಗದೆಂಬ ಕಾರಣಕ್ಕೇ ಓಟಗಾರನ ಚೈನ್ ಆಟ ಹುಟ್ಟಿದ್ದು, ಕುಳಿತವರ ನಡುವೆ ಸೂಜಿ–ದಾರದಂತೆ ನುಸುಳುವ ಆ ಓಟ. ಅರ್ಧ ಅಂಕಣದಲ್ಲೇ ನಾಲ್ಕೈದು ಜನರನ್ನು ಸುತ್ತಿ ಸುತ್ತಿ ದಣಿಸುವ ರಿಂಗ್ ಆಟ ಹುಟ್ಟಿದ್ದೂ ಅದಕ್ಕೇ. ಕಟ್ಟುಪಾಡು ಸಡಿಲವಾದರೆ ಬರಿಯ ಓಟ ಉಳಿಯುತ್ತದೆ. ವೇಗ ಹೆಚ್ಚಿತು ಎಂದು ಲೀಗಿನ ಪರವಾಗಿ ವಾದಿಸುವವರು ಆಟದ ಅರ್ಧ ಬುದ್ಧಿಯನ್ನು ಲೆಕ್ಕದಿಂದ ಬಿಟ್ಟಿದ್ದಾರೆ.

ಇನ್ನೊಂದು ಮಾತೂ ಇದೆ. ಆ ಲೀಗ್ ಆರು ತಂಡಗಳೊಂದಿಗೆ ಆರಂಭವಾಯಿತು: ಚೆನ್ನೈ, ಗುಜರಾತ್, ಮುಂಬೈ, ಒಡಿಶಾ, ರಾಜಸ್ಥಾನ ಮತ್ತು ತೆಲುಗು ಯೋಧಾಸ್. ಕರ್ನಾಟಕದ ಹೆಸರಿನದು ಒಂದೂ ಇರಲಿಲ್ಲ. ಪುಣೆಯಲ್ಲೂ, ಆಮೇಲೆ ಕಟಕ್‌ನಲ್ಲೂ ಆಡಿದ್ದು ಪುರುಷರೇ. ಕುರುಬೂರಿನ ಹುಡುಗಿ ವಿಶ್ವಕಪ್ ಫೈನಲ್‌ನ ಶ್ರೇಷ್ಠ ಆಟಗಾರ್ತಿಯಾದದ್ದು ಅಂಥ ಲೀಗಿನ ನೆರವಿಲ್ಲದೆ.

ಗೆದ್ದು ಬಂದ ಚೈತ್ರಾ, ಗೌತಮ್ ಅವರಿಗೆ ರಾಜ್ಯ ಸರ್ಕಾರ ತಲಾ 5 ಲಕ್ಷ ರೂಪಾಯಿ ಘೋಷಿಸಿತು. ಮಹಾರಾಷ್ಟ್ರ ತನ್ನ ಆಟಗಾರರಿಗೆ ತಲಾ 2.25 ಕೋಟಿ ರೂಪಾಯಿಯ ಜೊತೆಗೆ ಸರ್ಕಾರಿ ಕೆಲಸವನ್ನೂ ಕೊಡುವುದಾಗಿ ಹೇಳಿತ್ತು. ಚೈತ್ರಾ ಮತ್ತು ಗೌತಮ್ ಇಬ್ಬರೂ 5 ಲಕ್ಷವನ್ನು ಬೇಡವೆಂದರು. ದುರಾಸೆ ಎಂದು ಅಂದವರೂ ಇದ್ದರು. ಅದು ತಪ್ಪು ಮಾತು. ಖೋ ಖೋ ಆಟಗಾರರ ಕಾಲಿನ ಬಾಳಿಕೆ ಹೆಚ್ಚಲ್ಲ; ಮೂವತ್ತರ ಹೊತ್ತಿಗೆ ಮಂಡಿ, ಹಿಮ್ಮಡಿ ಲೆಕ್ಕ ಕೇಳತೊಡಗುತ್ತವೆ. ಕೆಲಸದ ಭರವಸೆ ಇಲ್ಲದ ರೈತ ಕುಟುಂಬ ಮಗಳನ್ನು ಇಪ್ಪತ್ತೆರಡು, ಇಪ್ಪತ್ಮೂರರವರೆಗೆ ಅಂಕಣದಲ್ಲಿ ಬಿಡುವುದಾದರೂ ಹೇಗೆ? ಬೇಡವೆನ್ನುವ ಮೂಲಕ ಇಬ್ಬರೂ ಎತ್ತಿದ್ದು ಮುಂದಿನವರ ದಾರಿಯನ್ನೂ ತೆರೆಯುವ ಪ್ರಶ್ನೆ.

ಹಣದಷ್ಟೇ ಮುಖ್ಯವಾದ ಇನ್ನೊಂದು ಕೆಲಸ ಬಾಕಿ ಇದೆ. ಮಕ್ಕಳ ಸಂಖ್ಯೆ ನೋಡಿ ದೈಹಿಕ ಶಿಕ್ಷಕರ ಹುದ್ದೆ ಕೊಡುವ ಪದ್ಧತಿಯಿಂದ ಸಣ್ಣ ಶಾಲೆಗಳು ಆಟದ ಮೇಷ್ಟರಿಲ್ಲದೆ ಉಳಿಯುತ್ತವೆ. ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳ ಹಳ್ಳಿ ಶಾಲೆಗಳಲ್ಲಿ ಬಯಲಿಗೆ ಕೊರತೆಯಿಲ್ಲ, ಮಕ್ಕಳ ಕಾಲಿಗೂ ಇಲ್ಲ. ನಾಲ್ಕಾರು ಶಾಲೆಗಳಿಗೆ ಒಬ್ಬರಂತೆ ಕೊಟ್ಟು, ಸಂಜೆಯ ಹೊತ್ತು ಒಂದು ನಿಗದಿತ ಅಂಕಣದಲ್ಲಿ ಮಕ್ಕಳನ್ನು ಸೇರಿಸಿದರೂ ಸಾಕು. ಶಾಲೆ ಮುಗಿಸಿದ ಹುಡುಗ ಹುಡುಗಿಯರು ಪದವಿ ಕಾಲೇಜಿಗೆ ಬಂದಾಗ ಅದೇ ತಂಡ ಒಡೆಯದೆ ಮುಂದುವರಿಯುವಂತೆ ಕಾಲೇಜುಗಳೂ ನೋಡಿಕೊಳ್ಳಬೇಕು. ಪಿಯುಸಿ ಹಂತದಲ್ಲಿ ಒಬ್ಬರು ಮೈಸೂರಿಗೆ, ಒಬ್ಬರು ಚಾಮರಾಜನಗರಕ್ಕೆ ಚದುರಿದರೆ ವರ್ಷಗಳ ಕಿವಿಯ ಗುರುತು ಅಲ್ಲಿಗೇ ಮುಗಿಯುತ್ತದೆ.

ಈ ಸಲ ದಸರಾ ಕ್ರೀಡಾಕೂಟದ ತಾಲ್ಲೂಕು ಪಂದ್ಯಗಳಿಗೆ ಹೋಗುವ ಓದುಗರು ಅಂಕಣದ ನಡುಭಾಗದಲ್ಲಿ ನಿಲ್ಲದೆ ಕಂಬದ ಓರೆಗೆ ನಿಲ್ಲಲಿ. ಬೆನ್ನಟ್ಟಿಸಿಕೊಳ್ಳುತ್ತಿರುವವಳನ್ನು ಎಲ್ಲರೂ ನೋಡುತ್ತಾರೆ. ಬ್ಯಾಚಿನ ಉಳಿದಿಬ್ಬರನ್ನು ನೋಡಬೇಕು. ಓಟ ತಮ್ಮತ್ತ ತಿರುಗುವ ಮುಂಚೆಯೇ ಅವರು ಎಷ್ಟು ಹೆಜ್ಜೆ ಸರಿದಿರುತ್ತಾರೆ, ಯಾವ ಚೌಕದ ಹಿಂದೆ ಜಾಗ ಹಿಡಿದಿರುತ್ತಾರೆ, ದಣಿದವಳಿಗೆ ಉಸಿರಾಡಲು ಎಷ್ಟು ಸೆಕೆಂಡ್ ಬಿಡಿಸಿಕೊಡುತ್ತಾರೆ ಎನ್ನುವುದರಲ್ಲಿ ಆ ತಂಡದ ಮೇಷ್ಟರು ಎಷ್ಟು ವರ್ಷದಿಂದ ದುಡಿಯುತ್ತಿದ್ದಾರೆ ಎಂಬುದು ತಿಳಿಯುತ್ತದೆ. ಪಂದ್ಯ ಮುಗಿದ ಮೇಲೆ ಅವರನ್ನು ಹುಡುಕಿ ಮಾತಾಡಿಸಿ, ಶಾಲೆಗೆ ಏನು ಬೇಕೆಂದು ಕೇಳಿ ಬನ್ನಿ.