ಗೌರವಧನ ಎಂಬ ವಂತಿಗೆ

‘ಎಲ್ಲಾ ಸರ್ಕಾರವೇ ಮಾಡಲಿ ಅಂದ್ರೆ ಹೇಗೆ? ನಾಲ್ಕು ಜನ ಕೈಜೋಡಿಸಬೇಕಪ್ಪ.’

ಶಾಲೆಗೆ ಬಣ್ಣ ಬಳಿಸಿದ ದಿನ, ಅಂಗನವಾಡಿಗೆ ಟಿ.ವಿ. ಕೊಟ್ಟ ದಿನ, ಬಿಸಿಯೂಟಕ್ಕೆ ತಟ್ಟೆ ಹಂಚಿದ ದಿನ ಯಾರಾದರೊಬ್ಬರು ಮೈಕಿನ ಮುಂದೆ ಈ ಮಾತು ಹೇಳಿಯೇ ಹೇಳುತ್ತಾರೆ. ಹೇಳುವವರು ಕೆಟ್ಟವರಲ್ಲ. ಬಹುಪಾಲು ಜೇಬಿನಿಂದ ದುಡ್ಡು ತೆಗೆದವರೇ. ಆದರೆ ಆ ಮಾತಿನ ಬುಡದಲ್ಲಿ ಎರಡು ನಂಬಿಕೆಗಳಿವೆ. ಬಡ ಕುಟುಂಬಗಳ ಊಟ, ಆರೈಕೆಗೆ ಸಾಲುವಷ್ಟು ಹಣ ಸರ್ಕಾರದ ಬಳಿ ಇಲ್ಲ ಎಂಬುದೊಂದು. ಇರುವ ಹಣವನ್ನೂ ಸರ್ಕಾರ ಹಾಳು ಮಾಡುತ್ತದೆ, ಕಂಪನಿಯವರೋ ಟ್ರಸ್ಟಿನವರೋ ಬಂದರೆ ಕೆಲಸ ಅಚ್ಚುಕಟ್ಟಾಗುತ್ತದೆ ಎಂಬುದು ಇನ್ನೊಂದು. ಎರಡನೆಯದರಲ್ಲಿ ಅರ್ಧ ನಿಜವಿದೆ, ಮೊದಲನೆಯದರಲ್ಲಿ ಅಷ್ಟೂ ಇಲ್ಲ. ಇವೆರಡೂ ಸೇರಿಕೊಂಡು, ಈ ಸೇವೆಗಳಿಗೆ ಪ್ರತಿ ತಿಂಗಳೂ ತಪ್ಪದೆ ವಂತಿಗೆ ಕೊಡುತ್ತಿರುವವರು ಯಾರು ಎನ್ನುವುದನ್ನೇ ನಮ್ಮ ಕಣ್ಣಿಂದ ಮರೆಸಿವೆ.

ಮೊಟ್ಟೆಯ ಕತೆಯಿಂದಲೇ ಶುರು ಮಾಡೋಣ. ಶಾಲೆಯ ಊಟದಲ್ಲಿ ಮೊಟ್ಟೆ ಕೊಡುವುದಕ್ಕೆ ಕರ್ನಾಟಕ ಬಹಳ ಕಾಲ ಹಿಂದೆಮುಂದೆ ನೋಡಿತು. 2021ರ ಡಿಸೆಂಬರಿನಲ್ಲಿ ಅಪೌಷ್ಟಿಕತೆ ಹೆಚ್ಚಿರುವ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಕೊಡತೊಡಗಿದಾಗ ಕೆಲವು ಮಠಾಧೀಶರು ಬೀದಿಗಿಳಿಯುವ ಮಾತಾಡಿದರು. ಅವರನ್ನೇ ಎದುರು ಪ್ರಶ್ನಿಸಿದ ಶಾಲಾ ಹುಡುಗಿಯೊಬ್ಬಳ ವಿಡಿಯೊ ಊರೂರು ಸುತ್ತಿತು. ಮೊಟ್ಟೆ ತಿಂದ ಯಾದಗಿರಿಯ ಮಕ್ಕಳನ್ನೂ ಮೊಟ್ಟೆಯಿಲ್ಲದ ಗದಗದ ಮಕ್ಕಳನ್ನೂ ಹೋಲಿಸಿ ನೋಡಿದಾಗ ತೂಕದ ಲೆಕ್ಕ ಮೊಟ್ಟೆಯ ಪರವಾಗಿಯೇ ಬಂತು. ಆಮೇಲೆ ರಾಜ್ಯವಿಡೀ ಮೊಟ್ಟೆ ಬಂತು, ವಾರಕ್ಕೆ ಎರಡು ದಿನಕ್ಕೇರಿತು. 2024ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ಉಳಿದ ನಾಲ್ಕು ದಿನದ ಖರ್ಚು ತಾನು ಹೊರುತ್ತೇನೆಂದು ಒಪ್ಪಂದ ಮಾಡಿಕೊಂಡಿತು: ಮೂರು ವರ್ಷಕ್ಕೆ ಸುಮಾರು 1,500 ಕೋಟಿ ರೂಪಾಯಿ. ಅಂದರೆ ವರ್ಷಕ್ಕೆ 500 ಕೋಟಿ. ಇದು ಕಂಪನಿ ಕಾಯ್ದೆಯ ಕಟ್ಟಳೆಗೆ ಒಳಪಟ್ಟು ಕೊಟ್ಟದ್ದಲ್ಲ, ದತ್ತಿ. ಸಣ್ಣ ಮಾತೂ ಅಲ್ಲ. ಈ ಮೊಟ್ಟೆಯ ಬಗ್ಗೆ ನನಗೆ ತಕರಾರಿಲ್ಲ.

ತಕರಾರಿರುವುದು ಅದಕ್ಕೆ ನಾವು ಕೊಟ್ಟುಕೊಂಡ ಅರ್ಥದ ಬಗ್ಗೆ. ಸರ್ಕಾರದ ಕೈಲಾಗದ್ದನ್ನು ದಾನಿ ಮಾಡಿದರು ಎಂದೆವು. 2025-26ರ ಕರ್ನಾಟಕ ಬಜೆಟ್ಟಿನ ಗಾತ್ರ 4,09,549 ಕೋಟಿ. ಅದರಲ್ಲಿ 500 ಕೋಟಿಯೆಂದರೆ ನೂರು ರೂಪಾಯಿಗೆ ಹನ್ನೆರಡು ಪೈಸೆ. ನೂರು ರೂಪಾಯಿ ಇಟ್ಟುಕೊಂಡವನು ಹನ್ನೆರಡು ಪೈಸೆಗೆ ನೆರೆಮನೆಯ ಬಾಗಿಲು ತಟ್ಟಿದರೆ ಅವನಿಗೆ ಕೊರತೆಯಿರುವುದು ದುಡ್ಡಿನದ್ದಲ್ಲ. ವಾರಕ್ಕೆ ಆರು ದಿನ ಮೊಟ್ಟೆ ಎಂದು ತಾನೇ ತೀರ್ಮಾನಿಸಿ, ಬರುವ ಟೀಕೆಯನ್ನು ತಾನೇ ಎದುರಿಸುವ ಎದೆಗಾರಿಕೆ ಇರಲಿಲ್ಲ. ದೊಡ್ಡ ಹೆಸರೊಂದು ಹಿಂದೆ ನಿಂತ ಮೇಲೆ ಬಾಯಿಗಳು ಮುಚ್ಚಿದವು. ದಾನಿ ಕೊಟ್ಟದ್ದು ಹಣಕ್ಕಿಂತ ಹೆಚ್ಚಾಗಿ ನೆರಳು. ಪಕ್ಕದ ತಮಿಳುನಾಡು ಸತ್ತುಣವು ಯೋಜನೆಯಲ್ಲಿ ವಾರಕ್ಕೆ ಐದು ಮೊಟ್ಟೆಯನ್ನು ಸರ್ಕಾರದ ದುಡ್ಡಿನಲ್ಲೇ ಕೊಡುತ್ತ ಬಂದಿದೆ. ಅಲ್ಲಿನ ಖಜಾನೆಯೇನೂ ತುಂಬಿ ತುಳುಕುತ್ತಿಲ್ಲ.

ಇನ್ನೊಂದು ವ್ಯತ್ಯಾಸವೂ ಇದೆ. ಶಾಲೆಯ ಬಿಸಿಯೂಟ ಮಗುವಿನ ಹಕ್ಕು. 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟ್ ಬೇಯಿಸಿದ ಊಟ ಕೊಡಲೇಬೇಕೆಂದಿತು, 2013ರ ಆಹಾರ ಭದ್ರತಾ ಕಾಯ್ದೆ ಅದನ್ನು ಕಾನೂನಾಗಿಸಿತು. ನಾಲ್ಕು ದಿನದ ಮೊಟ್ಟೆ ಹಕ್ಕಲ್ಲ, ಮೂರು ವರ್ಷದ ಕರಾರು. ಕರಾರು ಮುಗಿದ ಮರುದಿನ ಮೊಟ್ಟೆ ಬಾರದಿದ್ದರೆ ಯಾವ ತಾಯಿಯೂ ಯಾವ ಕಚೇರಿಯ ಮುಂದೆಯೂ ನಿಂತು ಕೇಳುವಂತಿಲ್ಲ. ಮೊಟ್ಟೆಯೊಂದಕ್ಕೆ ಗೊತ್ತು ಮಾಡಿದ್ದು ಆರು ರೂಪಾಯಿ. ಪೇಟೆಯ ದರ ಅದನ್ನು ದಾಟಿದ ತಿಂಗಳುಗಳಲ್ಲಿ ವ್ಯತ್ಯಾಸ ಮುಖ್ಯೋಪಾಧ್ಯಾಯರ ತಲೆಯ ಮೇಲೆ ಬರುತ್ತದೆ. ಆ ದಾನಿಗಳ ಹೆಸರನ್ನು ಯಾವ ಕಲ್ಲಿನಲ್ಲೂ ಕೊರೆಸಿಲ್ಲ.

ತುಮಕೂರು ಸೀಮೆಯ ಒಂದು ಹಿರಿಯ ಪ್ರಾಥಮಿಕ ಶಾಲೆಯ ಅಡುಗೆಕೋಣೆಯಲ್ಲಿ ಒಂದು ಬೆಳಿಗ್ಗೆ ಕೂತಿದ್ದೆ. ಮೂವರು ಹೆಂಗಸರು ಬೆಂದ ಮೊಟ್ಟೆಗಳನ್ನು ತಣ್ಣೀರಿಗೆ ಹಾಕಿ ಸುಲಿಯುತ್ತಿದ್ದರು. ಒಲೆಯ ಮೇಲೆ ಸಾಂಬಾರು. ಮೊಟ್ಟೆ ಬಂದದ್ದು ಒಳ್ಳೇದಾಯ್ತಲ್ಲ ಅಕ್ಕಾ ಎಂದೆ. ಹಿರಿಯಾಕೆ ತಲೆಯೆತ್ತದೆ, ‘ಒಳ್ಳೇದೇ ಸಾರ್. ಮೊಟ್ಟೆ ದಿನ ಒಂದು ಮಗೂನೂ ತಪ್ಪಿಸ್ಕೊಳಲ್ಲ. ಮೊಟ್ಟೆ ಯಾರ್ ಕೊಡ್ತಾರೆ ಅಂತ ಮೀಟಿಂಗಲ್ಲಿ ಹೇಳಿದ್ರು. ಯಾರ್ ಸುಲೀತಾರೆ ಅಂತ ಹೇಳ್ಲಿಲ್ಲ’ ಎಂದರು. ಮೂವರೂ ನಕ್ಕರು.

ಆ ನಗೆಗೊಂದು ಲೆಕ್ಕವಿದೆ. 2025ರ ಬಜೆಟ್ಟಿನಲ್ಲಿ ಸಾವಿರ ರೂಪಾಯಿ ಹೆಚ್ಚಿಸಿದ ಮೇಲೂ ಬಿಸಿಯೂಟದ ಅಡುಗೆಯವರಿಗೆ ಸಿಗುವುದು ತಿಂಗಳಿಗೆ ಐದು ಸಾವಿರದೊಳಗೆ. ಅದೂ ಹತ್ತು ತಿಂಗಳಿಗೆ ಮಾತ್ರ, ಬೇಸಿಗೆ ರಜೆಗೆ ಇಲ್ಲ. ಕೇಂದ್ರ ಸರ್ಕಾರ 2009ರಲ್ಲಿ ತಿಂಗಳಿಗೆ ಸಾವಿರ ರೂಪಾಯಿ ಎಂದು ನಿಗದಿ ಮಾಡಿತು. ಅದರಲ್ಲಿ ಕೇಂದ್ರದ ಪಾಲು 600. ಆ ಸಾವಿರ ಅಲ್ಲಿಂದಾಚೆ ಕದಲಿಲ್ಲ, ಯೋಜನೆಯ ಹೆಸರು ಮಾತ್ರ 2021ರಲ್ಲಿ ‘ಪಿಎಂ ಪೋಷಣ್’ ಎಂದಾಯಿತು. ಮೇಲಿನದ್ದೆಲ್ಲ ರಾಜ್ಯ ಸೇರಿಸಿದ್ದು. ಅದೇ ಊರಿನ ಕೆರೆಯಲ್ಲಿ ಹೂಳು ತೆಗೆಯುವ ನರೇಗಾ ಕೆಲಸಕ್ಕೆ 2025-26ರಲ್ಲಿ ದಿನಗೂಲಿ 370 ರೂಪಾಯಿ. ತಿಂಗಳಿಗೆ ಇಪ್ಪತ್ತೈದು ದಿನವೆಂದರೆ 9,250. ಅಡುಗೆಯಾಕೆಗೂ ಇದಕ್ಕೂ ನಡುವೆ ನಾಲ್ಕು ಸಾವಿರದ ಮೇಲೆ ಅಂತರ. ನಾಲ್ಕೇ ಸಾವಿರ ಎಂದಿಟ್ಟುಕೊಳ್ಳಿ. ಹತ್ತು ತಿಂಗಳಿಗೆ ನಲವತ್ತು ಸಾವಿರ. ರಾಜ್ಯದಲ್ಲಿ ಇಂಥ ಹೆಂಗಸರು ಲಕ್ಷಕ್ಕೂ ಹೆಚ್ಚು. ಒಂದು ಲಕ್ಷಕ್ಕೇ ಗುಣಿಸಿದರೂ ವರ್ಷಕ್ಕೆ 400 ಕೋಟಿ.

ಅತ್ತ ದೇಶದ ದೊಡ್ಡ ದತ್ತಿಗಳಲ್ಲೊಂದು ವರ್ಷಕ್ಕೆ 500 ಕೋಟಿ ಕೊಡುತ್ತದೆ, ಇತ್ತ ಸ್ವಂತ ಮನೆಯಲ್ಲಿ ಗ್ಯಾಸ್ ಸಿಲಿಂಡರಿಗೆ ಪರದಾಡುವ ಹೆಂಗಸರು 400 ಕೋಟಿ ಬಿಟ್ಟುಕೊಡುತ್ತಾರೆ. ಪಾಲುದಾರರು ಯಾರು ಎಂದು ಕೇಳಿದರೆ ನಾವು ಒಬ್ಬರನ್ನೇ ತೋರಿಸುತ್ತೇವೆ.

ಇದಕ್ಕೆ ಅಧಿಕಾರಿಗಳ ಬಳಿ ಸಿದ್ಧ ಉತ್ತರವಿದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಅಡುಗೆಯವರ ಕೆಲಸ ಕಡತದ ಪ್ರಕಾರ ದಿನಕ್ಕೆ ನಾಲ್ಕು ಗಂಟೆ. ಅರ್ಧ ದಿನದ ಕೆಲಸಕ್ಕೆ ಅರ್ಧ ಕೂಲಿ, ಲೆಕ್ಕ ಸರಿಹೋಯಿತಲ್ಲ ಎನ್ನುತ್ತಾರೆ. ಜಾಣತನವೆಲ್ಲ ಅಡಗಿರುವುದು ಆ ‘ನಾಲ್ಕು’ ಎಂಬ ಅಂಕಿಯಲ್ಲೇ. ನಾನು ನೋಡಿದ ಅಡುಗೆಕೋಣೆಗೆ ಆ ಮೂವರು ಒಂಬತ್ತರ ಹೊತ್ತಿಗೆ ಬಂದಿದ್ದರು: ಹಾಲು ಕಾಯಿಸಬೇಕು, ಅಕ್ಕಿ ಆರಿಸಬೇಕು, ತರಕಾರಿ ಹೆಚ್ಚಬೇಕು. ಊಟ ಬಡಿಸಿ, ಪಾತ್ರೆ ತೊಳೆದು, ಕೋಣೆ ಗುಡಿಸಿ ಹೊರಟಾಗ ಮೂರು ಗಂಟೆ. ಮೊಟ್ಟೆ ಸೇರಿದ ಮೇಲೆ ಕೆಲಸ ಹೆಚ್ಚಿತು, ಅಂಕಿ ಅಲ್ಲೇ ನಿಂತಿತು. ಅವರ ಸಂಘಟನೆಗಳು ವರ್ಷಗಳಿಂದ ಕೇಳುತ್ತಿರುವ ಬೇಡಿಕೆಗಳಲ್ಲಿ ಇದೂ ಒಂದು, ಕಡತದ ನಾಲ್ಕನ್ನು ಆರು ಮಾಡಿ ಎಂದು. ಅದಕ್ಕೆ ಹಣವೇ ಬೇಡ, ಪೆನ್ನು ಸಾಕು. ಆದರೂ ಆಗಿಲ್ಲ, ಯಾಕೆಂದರೆ ಪೆನ್ನಿನ ಹಿಂದೆಯೇ ಹಣವೂ ಬರಬೇಕಾಗುತ್ತದೆ.

‘ಗೌರವಧನ’ ಎಂಬ ಪದವನ್ನು ಕಂಡುಹಿಡಿದವರ ಚಾತುರ್ಯವನ್ನು ಮೆಚ್ಚಲೇಬೇಕು. ಸಂಬಳವೆಂದರೆ ಕನಿಷ್ಠ ಕೂಲಿಯ ಕಾಯ್ದೆ ಬಾಗಿಲಿಗೆ ಬರುತ್ತದೆ. ಗೌರವಧನವೆಂದರೆ ಆಕೆ ನೌಕರಳಲ್ಲ, ಸೇವೆಗೆ ಬಂದ ಸ್ವಯಂಸೇವಕಿ. ಈ ಪದದ ಮೇಲಿನ ದೊಡ್ಡ ವ್ಯಾಜ್ಯ ಕರ್ನಾಟಕದ್ದೇ. ಅಂಗನವಾಡಿ ಕಾರ್ಯಕರ್ತೆಯರದ್ದು ಸರ್ಕಾರಿ ಹುದ್ದೆಯಲ್ಲ ಎಂದು ನಮ್ಮ ರಾಜ್ಯ ಸರ್ಕಾರವೇ ಸುಪ್ರೀಂ ಕೋರ್ಟಿನವರೆಗೆ ಹೋಗಿ ವಾದಿಸಿತು. 2006ರ ಅಮೀರ್‌ಬಿ ಪ್ರಕರಣದಲ್ಲಿ ಗೆದ್ದಿತು ಕೂಡ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಪ್ರಯೋಗವಾಗಿ ಶುರುವಾಗಿ, ನಮ್ಮಲ್ಲಿ ತಿ. ನರಸೀಪುರದಿಂದ ಹೊರಟ ಆ ಅಂಗನವಾಡಿಗಳು ಈಗ ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚಿವೆ. ಕಾರ್ಯಕರ್ತೆಯ ಗೌರವಧನದಲ್ಲಿ ಕೇಂದ್ರದ ಲೆಕ್ಕದ ಮೊತ್ತ 2018ರಲ್ಲಿ ನಿಗದಿಯಾದ 4,500ರಲ್ಲೇ ನಿಂತಿತ್ತು. 2017ರ ಮಾರ್ಚಿನಲ್ಲಿ ಸಾವಿರಾರು ಕಾರ್ಯಕರ್ತೆಯರು ಬೆಂಗಳೂರಿನ ರಸ್ತೆಯಲ್ಲೇ ಹಗಲು ರಾತ್ರಿ ಕಳೆದಾಗ ನಗರದ ಮಂದಿಗೆ ಮುಖ್ಯವಾಗಿ ಕಂಡದ್ದು ಟ್ರಾಫಿಕ್ಕು. 2022ರ ಏಪ್ರಿಲ್ಲಿನಲ್ಲಿ, ಗುಜರಾತಿನ ಪ್ರಕರಣವೊಂದರಲ್ಲಿ, ಇವರಿಗೂ ಗ್ರಾಚ್ಯುಟಿ ಸಲ್ಲಬೇಕೆಂದು ಅದೇ ಸುಪ್ರೀಂ ಕೋರ್ಟ್ ಹೇಳಿತು. ಹೀಗೆ ಗೌರವ ಬಿಟ್ಟು ಹಕ್ಕು ಕೊಡಿ ಎಂದು ಕೇಳಲು ಇವರು ಹತ್ತಿದ ಮೆಟ್ಟಿಲುಗಳು ಒಂದೆರಡಲ್ಲ.

ಈಗ ಎರಡನೆಯ ನಂಬಿಕೆಗೆ ಬರೋಣ, ಖಾಸಗಿಯವರು ಬಂದರೆ ಅಚ್ಚುಕಟ್ಟು ಎಂಬುದಕ್ಕೆ. ಕಂಪನಿ ಕಾಯ್ದೆಯ 135ನೇ ಕಲಂ ಪ್ರಕಾರ, 2014ರ ಏಪ್ರಿಲ್‌ನಿಂದ ದೊಡ್ಡ ಕಂಪನಿಗಳು ಮೂರು ವರ್ಷದ ಸರಾಸರಿ ಲಾಭದ ಶೇ 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕು. ತಾನು ಇರುವ ಊರ ಸುತ್ತಲಿಗೆ ಆದ್ಯತೆ ಕೊಡಬೇಕು ಎಂದೂ ಕಾಯ್ದೆಯಲ್ಲೇ ಇದೆ. ಕಂಪನಿಗಳಿರುವುದು ಬೆಂಗಳೂರಿನಲ್ಲಿ, ಹಸಿವು ಹೆಚ್ಚಿರುವುದು ಯಾದಗಿರಿಯಲ್ಲಿ. ಉಳಿದದ್ದನ್ನು ಬಿಡಿಸಿ ಹೇಳಬೇಕಿಲ್ಲ. ಈ ಹಣದಲ್ಲಿ ಏನೇನು ಬರುತ್ತದೆಂದು ಬಲ್ಲವರಿಗೆ ಗೊತ್ತು: ಗೋಡೆಯ ಮೇಲೆ ಮಿಕ್ಕಿಮೌಸು, ಜಾರುಬಂಡೆ, ಟಿ.ವಿ., ನೀರಿನ ಫಿಲ್ಟರು. ಬಾರದೇ ಇರುವುದು ಕಟ್ಟಡದ ಬಾಡಿಗೆ, ಕರೆಂಟ್ ಬಿಲ್ಲು, ಫಿಲ್ಟರಿನ ಕ್ಯಾಂಡಲ್ ಬದಲಿಸುವ ಖರ್ಚು, ಆ ಫಿಲ್ಟರು ತೊಳೆಯುವವಳ ಕೂಲಿ. ಕಂಪನಿಯೊಂದರ ಈ ವಿಭಾಗ ನೋಡಿಕೊಳ್ಳುವ ಗೆಳೆಯನೊಬ್ಬನನ್ನು ಅಡುಗೆಯವರ ಕೂಲಿಗೆ ನೀವು ಯಾಕೆ ಕೊಡಬಾರದು ಎಂದು ಕೇಳಿದ್ದೆ. ‘ಅದು ಪ್ರತಿ ತಿಂಗಳ ಖರ್ಚು ಮಾರಾಯ, ಒಮ್ಮೆ ಹೊಕ್ಕರೆ ಹೊರಗೆ ಬರೋಕಾಗಲ್ಲ’ ಎಂದ. ನಿಜವೇ. ಹೊರಗೆ ಬರುವ ದಾರಿಯನ್ನು ಮೊದಲು ಗೊತ್ತುಮಾಡಿಕೊಂಡೇ ಒಳಬರುವವರನ್ನು ನಮ್ಮ ಕಡೆ ನೆಂಟರು ಎನ್ನುತ್ತೇವೆ.

ಅಚ್ಚುಕಟ್ಟಿಗೆ ಬೆಲೆಯೂ ಉಂಟು. 2000ದ ಜೂನ್‌ನಲ್ಲಿ ಬೆಂಗಳೂರಿನ ಐದು ಶಾಲೆಗಳ 1,500 ಮಕ್ಕಳಿಗೆ ಊಟ ಹಾಕಿ ಆರಂಭಿಸಿದ ಅಕ್ಷಯ ಪಾತ್ರ, ಸರ್ಕಾರ 2002ರಲ್ಲಿ ಈಶಾನ್ಯದ ಏಳು ಜಿಲ್ಲೆಗಳಲ್ಲಿ ‘ಅಕ್ಷರ ದಾಸೋಹ’ ಶುರು ಮಾಡುವುದಕ್ಕೂ ಮುಂಚೆಯೇ ಇತ್ತು. ಅದರ ಹುಬ್ಬಳ್ಳಿಯ ಬೃಹತ್ ಅಡುಗೆಮನೆಯ ಶುಚಿ, ವೇಗ ಯಾರೂ ಮೆಚ್ಚುವಂಥದ್ದು. ಆದರೆ ಅಲ್ಲಿ ಬೇಯುವ ಅಕ್ಕಿ ಸರ್ಕಾರದ್ದು, ಊಟದ ಲೆಕ್ಕದ ಮೇಲೆ ಹಣವೂ ಸರ್ಕಾರದಿಂದ ಬರುತ್ತದೆ. ಜನ ಮಾತ್ರ ಅದನ್ನು ಪೂರಾ ದಾನದ ಊಟ ಎಂದುಕೊಂಡಿದ್ದಾರೆ. ಈರುಳ್ಳಿ ಬೆಳ್ಳುಳ್ಳಿ ಹಾಕಿ ಎಂದಾಗ ಸಂಸ್ಥೆ ಒಪ್ಪದೆ 2018-19ರಲ್ಲಿ ದೊಡ್ಡ ಚರ್ಚೆಯಾಯಿತು. ಪೌಷ್ಟಿಕಾಂಶಕ್ಕೆ ಕೊರತೆಯಿಲ್ಲ ಎಂದು ತಜ್ಞರ ಕಡೆಯಿಂದ ಉತ್ತರ ಬಂತು. ಪ್ರಶ್ನೆ ಪೌಷ್ಟಿಕಾಂಶದ್ದಷ್ಟೇ ಆಗಿರಲಿಲ್ಲ. ಸಾರ್ವಜನಿಕರ ಅಕ್ಕಿಯಲ್ಲಿ ಬೇಯುವ ಊಟದ ರುಚಿಯನ್ನು ತೀರ್ಮಾನಿಸುವವರು ಯಾರು ಎಂಬುದಾಗಿತ್ತು.

ಲಾರಿಯಲ್ಲಿ ಬರುವ ಊಟ ಇನ್ನೊಂದನ್ನೂ ತಪ್ಪಿಸಿಬಿಡುತ್ತದೆ. ಅಡುಗೆಯವರ ನೇಮಕದಲ್ಲಿ ದಲಿತರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದ್ಯತೆ ಕೊಡಿ ಎಂದು 2004ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ದಲಿತ ಹೆಂಗಸು ಅಡುಗೆ ಮಾಡಿದಳೆಂದು ಮಕ್ಕಳು ತಟ್ಟೆ ಬಿಟ್ಟು ಎದ್ದ ಸುದ್ದಿ ಆಗಾಗ ಬರುತ್ತಲೇ ಇರುತ್ತದೆ. ಆ ಜಗಳ ಕಹಿಯೇ. ಆದರೂ ಅದು ನಡೆಯಬೇಕಾದ ಜಾಗ ಶಾಲೆಯ ಅಡುಗೆಕೋಣೆಯೇ. ಮುಚ್ಚಿದ ಸ್ಟೀಲ್ ಡಬ್ಬದಲ್ಲಿ ಬರುವ ಸಾಂಬಾರಿಗೆ ಜಾತಿ ಕೇಳುವವರಿಲ್ಲ, ಹಾಗೇ ಊರಿನ ಮೂವರು ಹೆಂಗಸರಿಗೆ ಕೆಲಸವೂ ಇಲ್ಲ.

ಸರ್ಕಾರವೇ ಎಲ್ಲವನ್ನೂ ನೇರ ಮಾಡಿದರೆ ಸರಿಹೋಗುತ್ತದೆಂದು ನಾನು ನಂಬಿಲ್ಲ. ಅಂಗನವಾಡಿ ಆಹಾರದಲ್ಲಿ ಗುತ್ತಿಗೆದಾರರು ಬೇಡವೆಂದು 2004ರ ಅಕ್ಟೋಬರಿನಲ್ಲಿ ಆದೇಶವಾದಾಗ ಕರ್ನಾಟಕ ಮಹಿಳೆಯರ ಆಹಾರ ತಯಾರಿಕಾ ಕೇಂದ್ರಗಳನ್ನು ಕಟ್ಟಿತು. ಹೆಸರಿಗೆ ಮಹಿಳೆಯರು, ಹಿಂದೆ ಖಾಸಗಿ ಕೈ ಎಂಬ ಆರೋಪ ಲೋಕಾಯುಕ್ತದವರೆಗೆ ಹೋಯಿತು. ಪಾಲುದಾರಿಕೆ ಎಂಬ ಪದದ ಕೆಳಗೆ ಏನನ್ನೂ ಅಡಗಿಸಬಹುದು. ಅದೇ ಹೊತ್ತಿಗೆ ಕ್ಷೀರಭಾಗ್ಯ ನೋಡಿ: 2013ರ ಆಗಸ್ಟಿನಿಂದ ಮಕ್ಕಳಿಗೆ ಕೆನೆಭರಿತ ಹಾಲಿನ ಪುಡಿಯಿಂದ ಮಾಡಿದ ಹಾಲು. ಕೆಎಂಎಫ್‌ಗೆ ಪುಡಿಗೊಂದು ಖಾಯಂ ಗಿರಾಕಿ ಬೇಕಿತ್ತು, ಮಕ್ಕಳಿಗೆ ಹಾಲು ಬೇಕಿತ್ತು. ಯಾರೂ ಯಾರ ಮೇಲೂ ಉಪಕಾರ ಹೊರಿಸಲಿಲ್ಲ. ರೈತರ ಸಂಘಕ್ಕೆ ತನ್ನದೇ ಲಾಭವಿದ್ದುದರಿಂದ ಅದು ನಡುನಡುವೆ ಎಡವಿದರೂ ನಡೆಯಿತು. ಪಾಲು ಎಂದರೆ ಇದು. ಉಳಿದದ್ದು ಪ್ರಾಯೋಜಕತ್ವ.

ಮುಂದಿನ ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ದಾನಿ ಒಂದೇ ಒಂದು ಷರತ್ತು ಹಾಕಬಹುದು: ನಾನು ಮೊಟ್ಟೆ ಕೊಡುತ್ತೇನೆ, ಅದನ್ನು ಬೇಯಿಸುವವಳಿಗೆ ನೀವು ಕನಿಷ್ಠ ಕೂಲಿ ಕೊಡಿ. ಸರ್ಕಾರಕ್ಕೆ ದೊಡ್ಡ ಹೆಸರಿನ ನೆರಳು ಬೇಕಾಗುವುದಾದರೆ, ಆ ನೆರಳನ್ನು ಇದಕ್ಕೂ ಬಳಸಬಹುದು. ಇಂಥ ಷರತ್ತು ಹಾಕಿದ ಒಂದು ಒಪ್ಪಂದವನ್ನೂ ನಾನು ಈವರೆಗೆ ಕಂಡಿಲ್ಲ.

ಆ ದಿನ ಮೊಟ್ಟೆ ಎಲ್ಲ ಸುಲಿದಾದ ಮೇಲೆ ಹಿರಿಯಾಕೆ ಎದ್ದು ಸೊಂಟ ನೆಟ್ಟಗೆ ಮಾಡಿಕೊಂಡರು. ಎಷ್ಟು ವರ್ಷವಾಯಿತು ಕೆಲಸಕ್ಕೆ ಸೇರಿ ಎಂದು ಕೇಳಿದೆ. ಈ ಶಾಲೆಯಲ್ಲಿ ಊಟ ಶುರುವಾದಾಗಿನಿಂದ ಎಂದರು. ಅರವತ್ತು ತುಂಬಿದರೆ ಮನೆಗೆ ಕಳಿಸುತ್ತಾರೆ, ಇಡಿಗಂಟು ಎಷ್ಟು ಬರಬಹುದು, ನಿಮಗೇನಾದರೂ ಗೊತ್ತಾ ಎಂದು ನನ್ನನ್ನೇ ಕೇಳಿದರು. ವಿಚಾರಿಸಿ ಹೇಳುತ್ತೇನೆ ಎಂದೆ. ಅವರು ಸಿಪ್ಪೆಯ ಬುಟ್ಟಿ ಎತ್ತಿಕೊಂಡು ಹಿತ್ತಲಿನ ತೆಂಗಿನ ಸಸಿಯ ಕಡೆ ನಡೆದರು. ಗಂಟೆ ಹೊಡೆಯಲು ಇನ್ನೂ ಇಪ್ಪತ್ತು ನಿಮಿಷವಿತ್ತು.